ಮಂಗಳೂರಿನ ಸಿಟಿ ಬಸ್ಸಿಗೆ ಮೊದಲು ಬೇಕಾದದ್ದು ಟೈಮ್ ಶೀಟ್

ಸಂಪಾದಕರಿಗೆ,

ಮಂಗಳೂರಿನ ಸಂಚಾರ ದಟ್ಟಣೆಯ ಮಾತು ಬಂದಾಗಲೆಲ್ಲ ಫ್ಲೈಓವರ್ ಆಗಲಿ, ಬಹುಮಹಡಿ ಪಾರ್ಕಿಂಗ್ ಆಗಲಿ, ಸರಕಾರಿ ಸಿಟಿ ಬಸ್ ಹೆಚ್ಚಾಗಲಿ ಎಂಬ ಬೇಡಿಕೆಗಳೇ ಮುಂದೆ ಬರುತ್ತವೆ. ಪಂಪ್‌ವೆಲ್ ಫ್ಲೈಓವರ್ ವರ್ಷಗಟ್ಟಲೆ ಕಾಯಿಸಿ 2020ರ ಜನವರಿ 31ರಂದು ತೆರೆದದ್ದೂ ಆಯಿತು. ಅದರಿಂದ ಹೆದ್ದಾರಿಯ ಲಾರಿಗೆ ಅನುಕೂಲವಾಗಿರಬಹುದು. ಕಂಕನಾಡಿಯಲ್ಲಿ ಬಸ್ಸಿಗೆ ಕಾಯುವವರ ಸ್ಥಿತಿ ಇದ್ದಲ್ಲೇ ಇದೆ. ಈ ನಗರದಲ್ಲಿ ಬಸ್ಸುಗಳಿಗೆ ಬರವಿಲ್ಲ. ಹಂಪನಕಟ್ಟೆಯಲ್ಲಿ ಐದು ನಿಮಿಷ ನಿಂತರೆ ಸಾಲುಗಟ್ಟಿ ಹೋಗುವ ಬಸ್ಸುಗಳೇ ಅದನ್ನು ಹೇಳುತ್ತವೆ. ಆ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಕಾಯುವವನಿಗೆ ಗೊತ್ತಾಗುವ ವ್ಯವಸ್ಥೆ ಇಲ್ಲ ಎನ್ನುವುದೇ ತಕರಾರು. ಇದಕ್ಕೆ ಹೊಸ ರಸ್ತೆ ಬೇಡ, ಹೊಸ ಕಾನೂನೂ ಬೇಡ. ಬೇಕಾದದ್ದು ಟೈಮ್ ಶೀಟ್, ಅಂದರೆ ಬಸ್ಸುಗಳ ವೇಳಾಪಟ್ಟಿ.

ಲೆಕ್ಕ ನೋಡಿ. ಒಂದು ಮಾರ್ಗದಲ್ಲಿ ಗಂಟೆಗೆ 6 ಬಸ್ ಎಂದಿಟ್ಟುಕೊಳ್ಳೋಣ. 10 ನಿಮಿಷಕ್ಕೊಂದರಂತೆ ಬಂದರೆ ಸ್ಟಾಪಿಗೆ ಬಂದವರು ಸರಾಸರಿ 5 ನಿಮಿಷ ಕಾಯುತ್ತಾರೆ. ಅದೇ 6 ಬಸ್ಸುಗಳು ಜೋಡಿ ಜೋಡಿಯಾಗಿ ಬಂದರೆ, ಅಂದರೆ ಒಂದರ ಬೆನ್ನಿಗೆ 1 ನಿಮಿಷದಲ್ಲಿ ಇನ್ನೊಂದು, ಆಮೇಲೆ 19 ನಿಮಿಷ ಖಾಲಿ, ಸರಾಸರಿ ಕಾಯುವ ಹೊತ್ತು 9 ನಿಮಿಷಕ್ಕೆ ಏರುತ್ತದೆ. ಮೂರು ಮೂರು ಬಸ್ ಒಟ್ಟಿಗೆ ಬಂದು ಬಳಿಕ 28 ನಿಮಿಷ ಏನೂ ಇಲ್ಲದಿದ್ದರೆ 13 ನಿಮಿಷ. ಕಾರಣ ಸರಳ: ಖಾಲಿ ಹೊತ್ತು ಉದ್ದವಾದಷ್ಟೂ ಆ ಹೊತ್ತಿನಲ್ಲೇ ಸ್ಟಾಪಿಗೆ ಬಂದು ಸಿಕ್ಕಿಬೀಳುವ ಜನ ಹೆಚ್ಚು. ಬಸ್ಸಿನ ಸಂಖ್ಯೆ ಅಷ್ಟೇ, ಡೀಸೆಲ್ ಅಷ್ಟೇ, ಕಾಯುವಿಕೆ ಮಾತ್ರ ಎರಡೂವರೆ ಪಟ್ಟು. ಮುಂದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಹಿಂದಿನದರಲ್ಲಿ ಅರ್ಧ ಸೀಟು ಖಾಲಿ.

ಬಸ್ಸುಗಳು ಹೀಗೆ ಗುಂಪುಗೂಡುವುದು ಯಾರೂ ತಪ್ಪು ಮಾಡದಿದ್ದರೂ ಆಗುವಂಥದ್ದೇ. 2 ನಿಮಿಷ ತಡವಾದ ಬಸ್ಸಿಗೆ ಪ್ರತಿ ಸ್ಟಾಪಿನಲ್ಲೂ ಹೆಚ್ಚು ಜನ ಸಿಗುತ್ತಾರೆ, ಹತ್ತಿಸಿಕೊಳ್ಳುವುದರಲ್ಲಿ ಅದು ಇನ್ನಷ್ಟು ತಡವಾಗುತ್ತದೆ. ಹಿಂದಿನ ಬಸ್ಸಿಗೆ ಜನ ಕಡಿಮೆ, ಅದು ಬೇಗ ಬೇಗ ಬಂದು ಮುಂದಿನದನ್ನು ಮುಟ್ಟುತ್ತದೆ. ಹಾಗಾಗಿಯೇ ಬೇಗ ಬಂದ ಬಸ್ಸನ್ನು ನಡುದಾರಿಯಲ್ಲಿ ಸ್ವಲ್ಪ ಹಿಡಿದಿಟ್ಟು ಬಿಡುವ ವ್ಯವಸ್ಥೆ ಎಲ್ಲ ಊರಿಗೂ ಬೇಕು. ಖಾಸಗಿ ಬಸ್ಸುಗಳೇ ಹೆಚ್ಚಿರುವ ನಮ್ಮಲ್ಲಿ ಇದರ ಮೇಲೆ ಇನ್ನೊಂದು ಕಾರಣ ಸೇರಿಕೊಂಡಿದೆ. ಡ್ರೈವರ್, ಕಂಡಕ್ಟರರ ದಿನದ ಗಳಿಕೆ ಕಲೆಕ್ಷನ್ ಮೇಲೆ ನಿಂತಿರುವ ಕಡೆ, ಒಂದು ಬಸ್ಸಿಗೆ ತಪ್ಪಿದ ಪ್ರಯಾಣಿಕರೇ ಇನ್ನೊಂದು ಬಸ್ಸಿನ ಲಾಭ. ಮೊದಲ ಎರಡು ಮೂರು ಸ್ಟಾಪಿನಲ್ಲಿ ಬಸ್ಸನ್ನು ಎಳೆದೆಳೆದು ಜನ ತುಂಬಿಸುವುದು, ಹಿಂದಿನ ಬಸ್ಸು ಕನ್ನಡಿಯಲ್ಲಿ ಕಂಡೊಡನೆ ಓಡಿಸುವುದು, ಸಾಯುವಷ್ಟು ಅವಸರದಲ್ಲಿ ಓವರ್‌ಟೇಕ್ ಮಾಡುವುದು, ಇವೆಲ್ಲ ಡ್ರೈವರನ ಸ್ವಭಾವದಿಂದ ಹುಟ್ಟಿದವಲ್ಲ, ಕೂಲಿಯ ರೀತಿಯಿಂದ ಹುಟ್ಟಿದವು. ಪೊಲೀಸರು ದಂಡ ಹಾಕಿದರೆ ಒಂದು ವಾರ ನಿಧಾನವಾಗಿ, ಮತ್ತೆ ಶುರುವಾಗುವುದು ಇದಕ್ಕೇ. ರಾತ್ರಿಯ ಹಾಗೂ ಭಾನುವಾರದ ಟ್ರಿಪ್ ಕಟ್‌ಗೂ ಕಾರಣ ಇದೇ: ಆ ಹೊತ್ತಿನ ಕಲೆಕ್ಷನ್ ಡೀಸೆಲಿಗೆ ಸಾಲದು.

ಕಾನೂನು ಏನು ಹೇಳುತ್ತದೆ ಎಂಬುದನ್ನು ಓದುಗರು ತಿಳಿದಿರುವುದು ಒಳ್ಳೆಯದು. 1988ರ ಮೋಟಾರು ವಾಹನ ಕಾಯ್ದೆಯ 72(2)ನೇ ವಿಧಿಯು ಸ್ಟೇಜ್ ಕ್ಯಾರೇಜ್ (ಸ್ಟಾಪ್ ಸ್ಟಾಪಿನಲ್ಲಿ ಜನ ಹತ್ತಿಸಿ ಇಳಿಸುವ ಬಸ್) ಪರ್ಮಿಟ್ ಕೊಡುವಾಗ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ಹಾಕಬಹುದಾದ ಷರತ್ತುಗಳನ್ನು ಪಟ್ಟಿ ಮಾಡಿದೆ. ದಿನಕ್ಕೆ ಕನಿಷ್ಠ, ಗರಿಷ್ಠ ಎಷ್ಟು ಟ್ರಿಪ್ ಎಂಬುದು ಅದರಲ್ಲಿದೆ. ಪ್ರಾಧಿಕಾರ ಒಪ್ಪಿದ ವೇಳಾಪಟ್ಟಿಯ ಪ್ರತಿಯನ್ನು ಬಸ್ಸಿನಲ್ಲೂ ನಿಗದಿತ ನಿಲ್ದಾಣಗಳಲ್ಲೂ ಪ್ರದರ್ಶಿಸಬೇಕು ಎಂಬುದೂ, ಆ ವೇಳೆಯಿಂದ ಎಷ್ಟು ನಿಮಿಷ ಆಚೀಚೆ ಆಗಬಹುದು ಎಂಬುದೂ ಅದರಲ್ಲಿವೆ. ಒಂದು ತಿಂಗಳಿಗೆ ಕಡಿಮೆಯಿಲ್ಲದ ನೋಟಿಸ್ ಕೊಟ್ಟು ಹಳೆಯ ಪರ್ಮಿಟ್‌ಗಳಿಗೂ ಷರತ್ತು ಸೇರಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಷರತ್ತು ಮುರಿದರೆ ಪರ್ಮಿಟ್ ಅಮಾನತು ಅಥವಾ ರದ್ದತಿಗೆ 86ನೇ ವಿಧಿ ಇದೆ. ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಒಂದೇ ಸಭೆಯಲ್ಲಿ ಮಾಡಬಹುದಾದ ಕೆಲಸ ಇದು. ಬೆಂಗಳೂರಿಗೆ ಕಡತ ಹೋಗಬೇಕಾಗಿಲ್ಲ. ಬಸ್ಸು ಎಲ್ಲಿದೆ ಎಂದು ಹೇಳುವ ಜಿಪಿಎಸ್ ಸಾಧನವನ್ನೂ ಕೇಂದ್ರದ ನಿಯಮಗಳು 2019ರಿಂದ ಹೊಸ ಸಾರ್ವಜನಿಕ ವಾಹನಗಳಿಗೆ ಕಡ್ಡಾಯ ಮಾಡಿವೆ. ವೇಳೆ ಪಾಲಿಸಿದರೋ ಇಲ್ಲವೋ ಎಂದು ನೋಡಲು ಟೈಮ್ ಕೀಪರನನ್ನು ಬಿಸಿಲಿಗೆ ನಿಲ್ಲಿಸಬೇಕಾದ ಕಾಲ ಹೋಯಿತು.

ಆದರೆ ವೇಳಾಪಟ್ಟಿಯನ್ನು ಮೇಜಿನ ಮುಂದೆ ಕುಳಿತು ಬರೆದರೆ ಅದು ಒಂದು ದಿನವೂ ನಿಲ್ಲುವುದಿಲ್ಲ. ಬೆಳಗ್ಗೆ 6 ಗಂಟೆಗೂ ಸಂಜೆ 6 ಗಂಟೆಗೂ ಒಂದೇ ಓಟದ ಸಮಯ ಹಾಕಿದರೆ ಬೆಳಗ್ಗೆ ಬಸ್ಸು ತೆವಳುತ್ತದೆ, ಸಂಜೆ ಹಾರುತ್ತದೆ. ಗಂಟೆವಾರು ಅಳತೆ ಬೇಕು. ಒಂದೇ ಟ್ರಿಪ್ಪನ್ನು 20 ಕೆಲಸದ ದಿನ ಅಳೆದರೆ ಅದರಲ್ಲಿ 17 ದಿನ ತಲುಪಲು ಸಾಧ್ಯವಾದ ಸಮಯವನ್ನು ಓಟದ ಸಮಯವೆಂದು ಹಿಡಿಯಬೇಕು. ಸರಾಸರಿಯನ್ನು ಹಿಡಿದರೆ ಅರ್ಧ ಟ್ರಿಪ್ಪುಗಳು ತಡವಾಗುತ್ತವೆ. ಕೊನೆಯ ಸ್ಟಾಪಿನಲ್ಲಿ ಓಟದ ಸಮಯದ ನೂರಕ್ಕೆ 10ರಿಂದ 15ರಷ್ಟು ಬಿಡುವು ಇರಬೇಕು, ಇಲ್ಲದಿದ್ದರೆ ಒಂದು ಟ್ರಿಪ್ಪಿನ ತಡ ಇಡೀ ದಿನಕ್ಕೆ ಹರಡುತ್ತದೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್‌ಗೆ ದಟ್ಟಣೆಯ ಹೊತ್ತಿನಲ್ಲಿ 70 ನಿಮಿಷ ಓಟ, ಎರಡೂ ಕಡೆ 10 ನಿಮಿಷ ಬಿಡುವು ಎಂದುಕೊಂಡರೆ ಒಂದು ಸುತ್ತಿಗೆ 160 ನಿಮಿಷ. 10 ನಿಮಿಷಕ್ಕೊಂದು ಬಸ್ ಬೇಕಾದರೆ 16 ಬಸ್ ಸಾಕು. ಸಿಗ್ನಲ್ ಹಾಗೂ ಸ್ಟಾಪ್ ಸರಿಪಡಿಸಿ ಒಂದು ಕಡೆಗೆ 10 ನಿಮಿಷ ಉಳಿಸಿದರೆ 14 ಬಸ್ಸಿನಲ್ಲೇ ಅದೇ ಸೇವೆ. ಉಳಿದ ಎರಡು ಬಸ್ಸು ಪುಕ್ಕಟೆ ಸಿಕ್ಕಿದ ಹಾಗೆ. ಇನ್ನೊಂದು ಮಾತು: ಬೇಗ ಹೊರಡುವುದು ತಡವಾಗಿ ಹೊರಡುವುದಕ್ಕಿಂತ ದೊಡ್ಡ ತಪ್ಪು. 3 ನಿಮಿಷ ತಡವಾದರೆ ಪ್ರಯಾಣಿಕ ಕಳೆದುಕೊಳ್ಳುವುದು 3 ನಿಮಿಷ. 1 ನಿಮಿಷ ಮೊದಲು ಬಿಟ್ಟರೆ ಸಮಯಕ್ಕೆ ಸರಿಯಾಗಿ ಬಂದವನು ಮುಂದಿನ ಬಸ್ಸಿನ ತನಕ ಕಾಯಬೇಕು. ಆದ್ದರಿಂದ ತಡಕ್ಕೆ 5 ನಿಮಿಷದ ರಿಯಾಯಿತಿ ಇರಲಿ, ಬೇಗಕ್ಕೆ ಒಂದು ನಿಮಿಷವೂ ಬೇಡ. ಕೊಟ್ಟಾರ ಚೌಕಿ, ಪಿವಿಎಸ್, ಪಂಪ್‌ವೆಲ್, ತೊಕ್ಕೊಟ್ಟಿನಂಥ ನಾಲ್ಕೈದು ಜಾಗಗಳಲ್ಲಿ ಮಾತ್ರ ಇದನ್ನು ನೋಡಿದರೆ ಸಾಕು.

ಕೂಲಿಯ ರೀತಿ ಬದಲಾಗದೆ ಇದು ಬಹುಕಾಲ ಬಾಳದು ಎನ್ನುವುದೂ ನಿಜ. ಅದಕ್ಕೆ ದಾರಿ ಕಿಲೋಮೀಟರ್ ಲೆಕ್ಕದ ಪಾವತಿ. ಟಿಕೆಟಿನ ಹಣವೆಲ್ಲ ಒಂದು ಸಾಮಾನ್ಯ ಖಾತೆಗೆ ಹೋಗಬೇಕು, ಬಸ್ಸಿನ ಮಾಲೀಕರಿಗೆ ಓಡಿಸಿದ ಪ್ರತಿ ಕಿ.ಮೀ.ಗೆ ನಿಗದಿತ ದರ ಸಿಗಬೇಕು, ಡ್ರೈವರ್ ಕಂಡಕ್ಟರರಿಗೆ ಸಂಬಳ. ದಕ್ಷಿಣ ಕೊರಿಯಾದ ಸೋಲ್ ನಗರ 2004ರ ಜುಲೈ 1ರಿಂದ ಇದನ್ನೇ ಮಾಡಿತು. ಖಾಸಗಿ ಮಾಲೀಕರನ್ನು ಹೊರಹಾಕಲಿಲ್ಲ; ಮಾರ್ಗ, ವೇಳೆ, ದರಗಳನ್ನು ನಗರಾಡಳಿತ ತನ್ನ ಕೈಗೆ ತೆಗೆದುಕೊಂಡು ಓಡಿಸಿದ ದೂರಕ್ಕೆ ಹಣ ಕೊಟ್ಟಿತು. ಕೇಂದ್ರ ಸರಕಾರ 2023ರ ಆಗಸ್ಟ್‌ನಲ್ಲಿ ಒಪ್ಪಿದ, 10,000 ವಿದ್ಯುತ್ ಬಸ್ಸುಗಳ ಪಿಎಂ ಇ-ಬಸ್ ಸೇವಾ ಯೋಜನೆಯಲ್ಲೂ ನೆರವು ಕಿ.ಮೀ. ಲೆಕ್ಕದಲ್ಲೇ. ಇದರಲ್ಲೂ ಕೆಡುವ ಜಾಗಗಳಿವೆ. ದೂರಕ್ಕೆ ಹಣ ಸಿಗುವಾಗ ಡ್ರೈವರನಿಗೆ ಸ್ಟಾಪಿನಲ್ಲಿ ನಿಲ್ಲಿಸುವ ಆಸೆ ಹೋಗುತ್ತದೆ, ಕಂಡಕ್ಟರನಿಗೆ ಟಿಕೆಟ್ ಹರಿಯುವ ಉತ್ಸಾಹವೂ ಇರುವುದಿಲ್ಲ. ಹಾಗಾಗಿ ಸ್ಟಾಪ್ ಬಿಟ್ಟರೆ, ಟ್ರಿಪ್ ತಪ್ಪಿಸಿದರೆ, ಬೇಗ ಹೊರಟರೆ ಕಡಿತ. ಪ್ರಯಾಣಿಕರ ಸಂಖ್ಯೆ ಏರಿದರೆ ಸಣ್ಣದೊಂದು ಪಾಲು. ಜೊತೆಗೆ ದಿಢೀರ್ ಟಿಕೆಟ್ ತಪಾಸಣೆ. ಈ ಮೂರೂ ಒಪ್ಪಂದದಲ್ಲೇ ಬರೆದಿರಬೇಕು.

ಶಕ್ತಿ ಯೋಜನೆಯ ಗೊಂದಲವೂ ಇದರಲ್ಲೇ ಬಿಡಿಸಿಕೊಳ್ಳುತ್ತದೆ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ. ಖಾಸಗಿ ಬಸ್ಸುಗಳೇ ಹೆಚ್ಚಿರುವ ಕರಾವಳಿಯ ಪೇಟೆಗಳಲ್ಲಿ ದುಡಿಯಲು ಹೋಗುವ ಹೆಂಗಸರಿಗೆ ಅದರ ಪ್ರಯೋಜನ ಅಷ್ಟಕ್ಕಷ್ಟೆ. ಕಲೆಕ್ಷನ್ ಪದ್ಧತಿಯಲ್ಲಿ ಖಾಸಗಿ ಬಸ್ಸಿಗೆ ಶಕ್ತಿ ವಿಸ್ತರಿಸಿದರೆ ಪ್ರತಿ ಟಿಕೆಟಿನ ಲೆಕ್ಕ, ಬಾಕಿ, ತಕರಾರು ತಪ್ಪದು. ಕಿ.ಮೀ. ಪಾವತಿಯಲ್ಲಿ ಯಾರು ಹಣ ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಮಾಲೀಕರ ಚಿಂತೆಯೇ ಅಲ್ಲ.

ಇನ್ನು ಮಾರ್ಗಗಳು. ನಮ್ಮ ಸಿಟಿ ಬಸ್ಸುಗಳಲ್ಲಿ ಬಹುಪಾಲು ಸ್ಟೇಟ್‌ಬ್ಯಾಂಕ್‌ಗೆ ಬಂದು ಮುಗಿಯುತ್ತವೆ. ಸುರತ್ಕಲ್, ಬೈಕಂಪಾಡಿಯವರು ದೇರಳಕಟ್ಟೆಯ ಆಸ್ಪತ್ರೆಗಳಿಗೋ ಕೊಣಾಜೆಯ ವಿಶ್ವವಿದ್ಯಾನಿಲಯಕ್ಕೋ ಹೋಗಬೇಕಾದರೆ ಪೇಟೆಯ ಇಕ್ಕಟ್ಟಿನೊಳಗೆ ಇಳಿದು, ಬಸ್ ಬದಲಿಸಿ, ಮತ್ತೆ ಪಂಪ್‌ವೆಲ್ ಕಡೆಗೆ ಏರಬೇಕು. ಕುಳೂರು, ಕೊಟ್ಟಾರ ಚೌಕಿ, ಕೆಪಿಟಿ, ನಂತೂರು, ಪಂಪ್‌ವೆಲ್, ತೊಕ್ಕೊಟ್ಟು ಎಲ್ಲವೂ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಒಂದೇ ಸಾಲಿನಲ್ಲಿವೆ. ಆ ಸಾಲಿನಲ್ಲಿ ಪೇಟೆಗೆ ಇಳಿಯದೆ 15 ನಿಮಿಷಕ್ಕೊಂದು ಸಿಟಿ ಬಸ್ ಓಡಿದರೆ ಪಿವಿಎಸ್, ಹಂಪನಕಟ್ಟೆಗಳ ಹೊರೆಯೂ ಇಳಿಯುತ್ತದೆ. ಸ್ಟೇಟ್‌ಬ್ಯಾಂಕ್‌ನ ಜಾಗದ ಸಮಸ್ಯೆಯೂ ಬಸ್ಸು ಅಲ್ಲಿ ನಿಲ್ಲುವ ಹೊತ್ತಿನದೇ ಸಮಸ್ಯೆ. ಒಂದು ಬಸ್ಸು 10 ನಿಮಿಷ ನಿಂತರೆ ಆ ಜಾಗದಲ್ಲಿ ಗಂಟೆಗೆ 6 ಬಸ್ ಮಾತ್ರ. 3 ನಿಮಿಷವಾದರೆ 20. ಉತ್ತರದಿಂದ ಬಂದದ್ದನ್ನು ದಕ್ಷಿಣಕ್ಕೆ ಮುಂದುವರಿಸಿ, ಬಿಡುವನ್ನು ಊರ ಹೊರಗಿನ ಕೊನೆಯ ಸ್ಟಾಪಿಗೆ ದಾಟಿಸಿದರೆ ಇದ್ದ ಜಾಗವೇ ಸಾಕಾಗುತ್ತದೆ. ಜೋಡಿಸುವ ಎರಡು ಮಾರ್ಗಗಳಲ್ಲಿ ಬಸ್ಸಿನಿಂದ ಬಸ್ಸಿಗೆ ಇರುವ ಹೊತ್ತು ಒಂದೇ ಆಗಿರಬೇಕು, ನಡುವೆ 3 ನಿಮಿಷವಾದರೂ ಸಾವರಿಸಿಕೊಳ್ಳಲು ಇರಬೇಕು, ಇಲ್ಲವಾದರೆ ಕುಳೂರಿನ ತಡ ಉಳ್ಳಾಲದ ತನಕ ಹೋಗುತ್ತದೆ. ಮಾರ್ಗ ಬದಲಾವಣೆಯನ್ನು ಕಾಯ್ದೆ ಹೊಸ ಪರ್ಮಿಟ್ ಅರ್ಜಿಯಂತೆಯೇ ನೋಡುತ್ತದೆ. ಹಾಗಾಗಿ ಮಾಲೀಕರು ತಾವಾಗಿ ಮುಂದೆ ಬರುವುದು ಕಷ್ಟ, ಪ್ರಾಧಿಕಾರವೇ ಕರೆಯಬೇಕು.

ಬಸ್ ಬೇ ಎಂದು ರಸ್ತೆಬದಿಯನ್ನು ಕೊರೆದಿರುವ ಕಡೆಗಳಲ್ಲಿ ಬಸ್ಸು ಒಳಗೆ ಹೋಗದಿರುವುದಕ್ಕೆ ಡ್ರೈವರರನ್ನು ಬೈದು ಪ್ರಯೋಜನವಿಲ್ಲ. ಹತ್ತು ಮೀಟರಿನ ಬಸ್ಸು ಓರೆಯಾಗಿ ಒಳಬಂದು, ನೇರವಾಗಿ ನಿಂತು, ಮತ್ತೆ ಹೊರಬರಲು ಒಟ್ಟು 35 ಮೀಟರಾದರೂ ಬೇಕು. 15 ಮೀಟರಿನ ಗುಂಡಿಗೆ ಬಸ್ಸಿನ ಮೂತಿ ಮಾತ್ರ ಹೋಗುತ್ತದೆ, ಬಾಲ ರಸ್ತೆಯಲ್ಲೇ. ಒಳಗೆ ಎರಡು ಆಟೋ, ಒಂದು ಕಾರು ನಿಂತಿರುವುದೂ ಇದ್ದದ್ದೇ. ಒಳಗೆ ಹೋದ ಬಸ್ಸಿಗೆ ಹೊರಬರಲು ಯಾರೂ ದಾರಿ ಬಿಡುವುದಿಲ್ಲ. ಪೇಟೆಯೊಳಗೆ ಇದಕ್ಕೆ ತಿರುಗುಮುರುಗಾದ ಉಪಾಯ ಒಳ್ಳೆಯದು: ಬಸ್ಸು ಸಾಗುವ ಪಥದ ಅಂಚಿಗೇ ಫುಟ್‌ಪಾತನ್ನು ಮುಂದಕ್ಕೆ ಚಾಚಬೇಕು. ಬಸ್ಸು ನೇರವಾಗಿ ಬಂದು ನಿಂತು ನೇರವಾಗಿ ಹೋಗುತ್ತದೆ. ಶೆಲ್ಟರಿಗೆ ಜಾಗ ಸಿಗುತ್ತದೆ. ನಡೆಯುವವರಿಗೆ ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಕನಿಷ್ಠ 1.8 ಮೀಟರ್ ಉಳಿಯುತ್ತದೆ. ಸ್ಟಾಪ್ ಇರಬೇಕಾದದ್ದು ಜಂಕ್ಷನ್ ದಾಟಿದ ಮೇಲೆ, ಮೊದಲಲ್ಲ. ಮೊದಲಿದ್ದರೆ ಹಸಿರು ದೀಪ ಬಂದಾಗ ಬಸ್ಸು ಜನ ಹತ್ತಿಸುತ್ತಿರುತ್ತದೆ, ಹತ್ತಿಸಿ ಮುಗಿಯುವಾಗ ಕೆಂಪು ದೀಪ.

ಸೈಕಲ್ ವಿಚಾರ ಎತ್ತಿದರೆ "ಮಂಗಳೂರು ಗುಡ್ಡದ ಊರು, ಮಳೆಯ ಊರು" ಎಂದು ಮಾತು ಮುಗಿಸುವವರೇ ಹೆಚ್ಚು. ಗುಡ್ಡ ಎಲ್ಲ ಕಡೆಯೂ ಇಲ್ಲ. ಬಂದರು, ಬೋಳಾರ, ಜೆಪ್ಪು, ಕುಳೂರು, ಪಣಂಬೂರು, ತೊಕ್ಕೊಟ್ಟು–ಉಳ್ಳಾಲ ಹೆಚ್ಚುಕಡಿಮೆ ಸಮತಟ್ಟು. ಬಾವುಟಗುಡ್ಡೆ, ಕದ್ರಿ, ಬೆಂದೂರಿನ ಏರುಗಳಿಗೆ ಗೇರಿನ ಲೆಕ್ಕ ಸಾಕು. ನೂರು ಮೀಟರಿಗೆ 8 ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 8 ಕಿ.ಮೀ. ವೇಗ ಎಂದುಕೊಳ್ಳಿ. ಮುಂದೆ 44, ಹಿಂದೆ 18 ಹಲ್ಲಿನ ಸಾದಾ ಸೈಕಲಿನಲ್ಲಿ ಪೆಡಲು ನಿಮಿಷಕ್ಕೆ 25 ಸುತ್ತು ಮಾತ್ರ ತಿರುಗುತ್ತದೆ. ಅಂದರೆ ಎದ್ದು ನಿಂತು ಮೈಭಾರ ಹಾಕಿ ತುಳಿಯಬೇಕು, ಮೊಣಕಾಲು ಹೇಳಿಬಿಡುತ್ತದೆ. ಮುಂದೆ 28, ಹಿಂದೆ 32 ಹಲ್ಲು ಇದ್ದರೆ ಅದೇ ವೇಗಕ್ಕೆ 70 ಸುತ್ತು, ಕುಳಿತೇ ಹತ್ತಬಹುದು. ಸವಾರ, ಸೈಕಲ್ ಸೇರಿ 90 ಕಿಲೋ ಇದ್ದರೆ ಆ ಏರಿಗೆ ಸುಮಾರು 170 ವ್ಯಾಟ್ ಬೇಕು. ಅಭ್ಯಾಸವಿಲ್ಲದವರು ಹೆಚ್ಚು ಹೊತ್ತು ಕೊಡಬಲ್ಲದ್ದು ನೂರರ ಆಸುಪಾಸು. ಉಳಿದದ್ದನ್ನು ಸಣ್ಣ ಮೋಟಾರು ಕೊಡುತ್ತದೆ. 250 ವ್ಯಾಟ್ ಒಳಗಿನ, ಗಂಟೆಗೆ 25 ಕಿ.ಮೀ. ಮೀರದ ವಿದ್ಯುತ್ ಸೈಕಲಿಗೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಕೊಳ್ಳುವಾಗ ಅಂಗಡಿಯವರು ವೇಗದ ಮಿತಿ ತೆಗೆದು ಕೊಡುತ್ತೇವೆ ಎಂದರೆ ಒಪ್ಪಬೇಡಿ, ಆಗ ಅದು ಕಾನೂನಿನ ಕಣ್ಣಿನಲ್ಲಿ ನೋಂದಣಿಯಿಲ್ಲದ ಸ್ಕೂಟರ್.

ಮಳೆಗಾಲಕ್ಕೆ ಬೇಕಾದ್ದು ಪೂರ್ತಿ ಮಡ್‌ಗಾರ್ಡ್, ಮುಂದಿನದಕ್ಕೆ ನೆಲದ ಹತ್ತಿರದ ತನಕ ಇಳಿಬಿಟ್ಟ ರಬ್ಬರ್ ತುಂಡು. ಚೈನನ್ನು ಕೆಡಿಸುವುದು ಮೇಲಿನ ಮಳೆಗಿಂತ ಮುಂದಿನ ಚಕ್ರ ಎರಚುವ ಕೆಸರು. ಸ್ಟೀಲ್ ರಿಮ್ಮಿನ ಮೇಲೆ ಒದ್ದೆ ರಬ್ಬರ್ ಬ್ರೇಕ್ ಹಿಡಿಯುವುದಿಲ್ಲ. ಅಲ್ಯೂಮಿನಿಯಂ ರಿಮ್ ವಾಸಿ, ಡಿಸ್ಕ್ ಇನ್ನೂ ವಾಸಿ. ಕಡಲಗಾಳಿಯ ಊರಿನಲ್ಲಿ ಚೈನನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆ ಒರೆಸಿ ಮಂದವಾದ ಎಣ್ಣೆ ಬಿಡಬೇಕು.

ಪಾಲಿಕೆಯಿಂದ ಆಗಬೇಕಾದದ್ದು ಬಣ್ಣದ ಪಟ್ಟಿ ಎಳೆಯುವುದಲ್ಲ. ಚರಂಡಿಯ ಕಬ್ಬಿಣದ ಜಾಲರಿಯ ಸರಳುಗಳು ರಸ್ತೆಯ ಉದ್ದಕ್ಕೆ ಇರುವ ಕಡೆ ಸೈಕಲಿನ ಚಕ್ರ ಸೀದಾ ಒಳಗಿಳಿಯುತ್ತದೆ. ಅಡ್ಡಲಾಗಿ ತಿರುಗಿಸಿ ಇಟ್ಟರೆ ಅಥವಾ ಅಡ್ಡಪಟ್ಟಿ ವೆಲ್ಡ್ ಮಾಡಿದರೆ ಮುಗಿಯಿತು. ಕಾಂಕ್ರೀಟ್ ರಸ್ತೆಯ ಅಂಚಿಗೂ ಬದಿಯ ಮಣ್ಣಿಗೂ ಗೇಣುದ್ದ ಇಳಿಜಾರಿಲ್ಲದ ಕಡಿತ ಇರುವುದು ಇನ್ನೂ ಅಪಾಯ. ಬಸ್ಸು ಒತ್ತಿದಾಗ ಬದಿಗೆ ಸರಿದವನು ಬೀಳುವುದು ಅಲ್ಲಿ, ಬಿದ್ದವನು ಮತ್ತೆ ಉರುಳುವುದು ಬಸ್ಸಿನ ಹಿಂದಿನ ಚಕ್ರದ ಕಡೆಗೆ. ಮಳೆಗೆ ಮೊದಲು ಆ ಅಂಚನ್ನು ಇಳಿಜಾರಾಗಿ ತುಂಬಿಸುವ ಕೆಲಸ ಪ್ರತಿವರ್ಷದ ಹೂಳೆತ್ತುವ ಪಟ್ಟಿಗೇ ಸೇರಲಿ. ಸೈಕಲ್ ಸ್ಟಾಂಡಿಗೆ ತಲೆಕೆಳಗಾದ 'ಯು' ಆಕಾರದ, ತುಕ್ಕು ಹಿಡಿಯದ ಲೇಪದ ಕೊಳವೆ, ಒಂದು ಮೀಟರಿಗೊಂದು; ಒಂದು ಕಾರಿನ ಜಾಗದಲ್ಲಿ 10 ಸೈಕಲ್. ಚಕ್ರವನ್ನು ಮಾತ್ರ ಸಿಕ್ಕಿಸುವ ಅಲಂಕಾರದ ಸ್ಟಾಂಡುಗಳು ರಿಮ್ ಬಗ್ಗಿಸುತ್ತವೆ, ಫ್ರೇಮಿಗೆ ಬೀಗ ಹಾಕಲೂ ಬಿಡುವುದಿಲ್ಲ.

ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ನದಿ ದಾಟಲು ಕೆಲವೇ ನಿಮಿಷ. ರಸ್ತೆಯಲ್ಲಾದರೆ ಕುಳೂರು ಸೇತುವೆ ಸುತ್ತಿ ಹತ್ತು ಕಿ.ಮೀ.ಗೂ ಹೆಚ್ಚು. ಬಂದರಿನಿಂದ ಬೆಂಗ್ರೆಗೂ ಹಾಗೆಯೇ. ಈ ದೋಣಿಗಳನ್ನು ವಿಹಾರಕ್ಕೆಂದು ನೋಡುವುದು ಬಿಟ್ಟು ಸಿಟಿ ಬಸ್ಸಿನ ಮಾರ್ಗಗಳೆಂದೇ ಎಣಿಸಬೇಕು: ನಿಗದಿತ ವೇಳೆ, ಬಸ್ಸಿನದೇ ಪಾಸು, ಸೈಕಲ್ ಏರಿಸಲು ಜಾಗ. ತೊಡಕು ಇರುವುದು ದೋಣಿ ಹತ್ತುವ ಕಟ್ಟೆಯಲ್ಲಿ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಉಬ್ಬರ ಇಳಿತದ ನಡುವೆ ನೀರು ಒಂದು ಮೀಟರಿಗೂ ಹೆಚ್ಚು ಏರಿಳಿಯುವಾಗ ಕಲ್ಲಿನ ಮೆಟ್ಟಿಲಿನಿಂದ ಸೈಕಲ್ ಇಳಿಸುವುದಾಗಲಿ ವಯಸ್ಸಾದವರು ಕಾಲಿಡುವುದಾಗಲಿ ಆಗದು. 2023ರ ಏಪ್ರಿಲ್‌ನಲ್ಲಿ ಆರಂಭವಾದ ಕೊಚ್ಚಿ ವಾಟರ್ ಮೆಟ್ರೊ ತೇಲುವ ಜೆಟ್ಟಿ ಬಳಸುತ್ತದೆ; ನೀರಿನೊಂದಿಗೆ ಜೆಟ್ಟಿಯೂ ಏರುವುದರಿಂದ ದೋಣಿಯೂ ಹಲಗೆಯೂ ಸಮಮಟ್ಟದಲ್ಲಿರುತ್ತವೆ. ಕೊಚ್ಚಿಯಷ್ಟು ದೊಡ್ಡ ದೋಣಿ ನಮಗೆ ಬೇಡ, ಆ ಜೆಟ್ಟಿ ಬೇಕು.

ರೈಲಿನ ಬಗ್ಗೆ ಒಂದೇ ಮಾತು. ಕೇರಳದಿಂದ ಕೊಂಕಣದತ್ತ ಹೋಗುವ ದೂರದ ರೈಲುಗಳು ಹೆಚ್ಚಾಗಿ ನಿಲ್ಲುವುದು ಮಂಗಳೂರು ಜಂಕ್ಷನ್ ನಿಲ್ದಾಣದಲ್ಲಿ, ಪೇಟೆಯಿರುವುದು ಸೆಂಟ್ರಲ್ ನಿಲ್ದಾಣದ ಬಳಿ. ಎರಡರ ನಡುವೆ ರೈಲಿನ ವೇಳೆಗೆ ಹೊಂದಿಸಿದ ಬಸ್, ರೈಲು ಬಂದ 15 ನಿಮಿಷಕ್ಕೆ ಹೊರಡುವಂಥದ್ದು, ಕಿ.ಮೀ. ಪಾವತಿಯ ಪದ್ಧತಿ ಪರೀಕ್ಷಿಸಲು ತಕ್ಕ ಸಣ್ಣ ಮಾರ್ಗ.

ಓದುಗರು ಇದಕ್ಕಾಗಿ ಕಾಯಬೇಕಿಲ್ಲ. ನಿಮ್ಮ ಮಾರ್ಗದ ಟೈಮ್ ಶೀಟನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿ ಪ್ರಾದೇಶಿಕ ಸಾರಿಗೆ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ, ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆಗುತ್ತದೆ. ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಆದ್ದರಿಂದ ಮಾರ್ಗಕ್ಕೊಂದು ಅರ್ಜಿ ಹಾಕಿ. "ಬಸ್ ಯಾಕೆ ಬರುವುದಿಲ್ಲ" ಎಂದು ಕೇಳಿದರೆ ಉತ್ತರ ಬಾರದು, ಅಭಿಪ್ರಾಯ ಕೊಡುವ ಹೊಣೆ ಅವರಿಗಿಲ್ಲ. ದಾಖಲೆ ಕೇಳಬೇಕು: ಇಂಥ ನಂಬರಿನ ಮಾರ್ಗದ ಪರ್ಮಿಟ್‌ಗಳ ಷರತ್ತುಗಳ ಪ್ರತಿ, ಒಪ್ಪಿದ ವೇಳಾಪಟ್ಟಿಯ ಪ್ರತಿ, ದಿನದ ಕನಿಷ್ಠ ಟ್ರಿಪ್ ಸಂಖ್ಯೆ. ಉತ್ತರಕ್ಕೆ 30 ದಿನ, ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಪ್ರತಿ ಸಿಕ್ಕಿದರೆ ಕೊನೆಯ ಟ್ರಿಪ್ಪಿನ ಹೊತ್ತನ್ನು ಮೊದಲು ನೋಡಿ. ರಾತ್ರಿ ಆ ಹೊತ್ತಿಗೆ ಸ್ಟಾಪಿನಲ್ಲಿ ಬಸ್ಸು ಇಲ್ಲದಿದ್ದರೆ ದಿನಾಂಕ ಸಮೇತ ಪ್ರಾಧಿಕಾರಕ್ಕೆ ದೂರು ಕೊಡಲು ಅಷ್ಟು ಸಾಕು.

– ಕೆಲವು ಬಸ್ ಪ್ರಯಾಣಿಕರು, ಮಂಗಳೂರು